ಐದು ಸಾವಿರದಲ್ಲಿ ಒಂದು ಪುಸ್ತಕವನ್ನು ಕೊಡಗು ಸುತ್ತಿಸಿದ್ದು

ಪುಸ್ತಕ ಅಚ್ಚಾಗುವಷ್ಟರಲ್ಲಿ ಕೈಯಲ್ಲಿದ್ದ ದುಡ್ಡು ಮುಗಿದಿತ್ತು. 128 ಪುಟದ ಕಥಾಸಂಕಲನ, 500 ಪ್ರತಿ. ಡಿಟಿಪಿ, ಮುಖಪುಟ, ಕಾಗದ, ಅಚ್ಚು ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು. ಬೆಲೆ 150 ರೂಪಾಯಿ ಇಟ್ಟೆ. ಪ್ರಚಾರಕ್ಕೆ ಅಂತ ಉಳಿದದ್ದು ಐದು ಸಾವಿರ. ಅದರ ಮೇಲೆ ಒಂದು ರೂಪಾಯಿಯೂ ಹಾಕಬಾರದು ಅಂತ ಮನೆಯಲ್ಲಿ ಮಾತಾಗಿತ್ತು. ಮಾತು ಕೊಟ್ಟವನು ನಾನು, ಲೆಕ್ಕ ಇಟ್ಟವಳು ಹೆಂಡತಿ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಬರೆಯುವುದು, ಕೊಯ್ಲಿನಲ್ಲಿ ಹಣ್ಣು ತೂಕ ಹಾಕುವುದು, ವಾರದ ಬಟವಾಡೆ ಮಾಡುವುದು ನನ್ನ ಕೆಲಸ. ಕಥೆಗಳೂ ಇದೇ ಜಾಗದವು. ಕೆಲಸದವರ ಲೈನ್ ಮನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಯೂನಿಟ್, ಆನೆ ಬಂದ ರಾತ್ರಿ, ಇಂಥವು. ಬೆಂಗಳೂರಿನ ಸಾಹಿತ್ಯದ ಜನ ನನಗೆ ಗೊತ್ತಿಲ್ಲ, ಅವರಿಗೆ ನಾನು ಗೊತ್ತಿಲ್ಲ. ನನ್ನ ಪರಿಚಯ ಏನಿದ್ದರೂ ಕುಶಾಲನಗರದಿಂದ ಮಡಿಕೇರಿವರೆಗೆ. ಇಷ್ಟನ್ನೇ ಇಟ್ಟುಕೊಂಡು ಏನು ಮಾಡಬಹುದು ಅಂತ ನೋಡಿದೆ.

ಎಲ್ಲರೂ ಮೊದಲು ಕೇಳಿದ್ದು ಬಿಡುಗಡೆ ಯಾವಾಗ ಅಂತ. ಪರಿಚಯದ ಒಬ್ಬರ ಪುಸ್ತಕ ಬಿಡುಗಡೆಯ ಖರ್ಚಿನ ಪಟ್ಟಿಯನ್ನು ನಾನು ನೋಡಿದ್ದೆ. ಹಾಲ್ ಬಾಡಿಗೆ, ಮೈಕ್, ಬ್ಯಾನರ್, ಆಹ್ವಾನ ಪತ್ರಿಕೆ, ಶಾಲು, ಹಾರ, ನೆನಪಿನ ಕಾಣಿಕೆ, ಊಟ. ಪುಸ್ತಕ ಅಚ್ಚು ಹಾಕಿಸಿದ್ದಕ್ಕಿಂತ ಅದೇ ಜಾಸ್ತಿ ಆಗಿತ್ತು. ವೇದಿಕೆ ಮೇಲಿದ್ದವರಿಗೆಲ್ಲ ಪುಸ್ತಕ ಪುಕ್ಕಟೆ ಹೋಯಿತು. ಕೆಳಗೆ ಕೂತವರು ಹೇಗಿದ್ದರೂ ಕೊಳ್ಳುವವರೇ, ನೆಂಟರು ಮತ್ತು ಗೆಳೆಯರು. ಹೊಸ ಓದುಗ ಅಂತ ಒಬ್ಬನೂ ಅಲ್ಲಿ ಹುಟ್ಟಲಿಲ್ಲ. ಬಿಡುಗಡೆ ಸಮಾರಂಭ ಮಾಡಬಾರದು ಅಂತ ನಾನು ಹೇಳುವುದಿಲ್ಲ, ಅದೊಂದು ಸಂತೋಷ. ಆದರೆ ಅದನ್ನು ಪ್ರಚಾರದ ಲೆಕ್ಕಕ್ಕೆ ಬರೆಯಬೇಡಿ, ಮನೆ ಹಬ್ಬದ ಲೆಕ್ಕಕ್ಕೆ ಬರೆಯಿರಿ.

ನಮ್ಮದು ತೋಟದ ಕಣದಲ್ಲೇ ಆಯಿತು. ಮಾರ್ಚ್ ತಿಂಗಳು. ಕೊಯ್ಲು ಮುಗಿದು, ಕಾಫಿ ಒಣಗಿಸಿ ಚೀಲಕ್ಕೆ ತುಂಬಿಯಾಗಿತ್ತು. ಕಣ ಖಾಲಿ ಇತ್ತು. ಎಲ್ಲರೂ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಾ ಕೂತಿದ್ದ ದಿನಗಳು. ಮಾಲೀಕರು ಚಹಾ, ಬೋಂಡ ತಮ್ಮ ಲೆಕ್ಕಕ್ಕೆ ಹಾಕಿಕೊಂಡರು. ತೋಟದಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷದಿಂದ ಹಣ್ಣು ಕೊಯ್ದ ಅಜ್ಜಿ ಪುಸ್ತಕದ ಕಟ್ಟು ಬಿಚ್ಚಿದರು. ಓದು ಬರಹ ಇಲ್ಲದವರು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು, "ಇದರಲ್ಲಿ ನನ್ನ ಹಾಜರಿ ಎಲ್ಲೂ ಬಿಟ್ಟಿಲ್ಲ ತಾನೇ ರೈಟ್ರೇ?" ಅಂದರು. ಎಲ್ಲರೂ ನಕ್ಕರು. ಆ ಮಾತು ಮತ್ತು ಒಂದು ಫೋಟೋ ಸೇರಿಸಿ ಅವತ್ತೇ ಸಂಜೆಯೊಳಗೆ ಊರಿನ ವರದಿಗಾರರಿಗೆ ಕಳಿಸಿದೆ.

ಇಲ್ಲಿ ಒಂದು ಸಣ್ಣ ವಿಷಯ. ಪತ್ರಿಕೆಗೆ ಕಳಿಸುವ ಬರಹ ಏಳೆಂಟು ಸಾಲು ಇದ್ದರೆ ಸಾಕು. ಯಾರು, ಎಲ್ಲಿ, ಯಾವ ದಿನ, ಪುಸ್ತಕದಲ್ಲಿ ಏನಿದೆ, ಅಷ್ಟೇ. ಫೋಟೋದಲ್ಲಿ ಎಡದಿಂದ ಯಾರು ಯಾರು ನಿಂತಿದ್ದಾರೆ ಅಂತ ಹೆಸರು ಬರೆದು ಕಳಿಸಬೇಕು. ಹೆಸರಿಲ್ಲದ ಫೋಟೋ ಬಂದರೆ ವರದಿಗಾರ ವಾಪಸ್ ಫೋನ್ ಮಾಡಬೇಕು. ಅವರಿಗೆ ಪುರುಸೊತ್ತು ಇಲ್ಲದಿದ್ದರೆ ಸುದ್ದಿ ಅಲ್ಲೇ ಬಿತ್ತು. ದೊಡ್ಡವರು ಬಿಡುಗಡೆ ಮಾಡಿದ ಪುಸ್ತಕ ದಿನಕ್ಕೆ ಹತ್ತಿರುತ್ತದೆ. ಹಣ್ಣು ಕೊಯ್ಯುವ ಅಜ್ಜಿ ಬಿಡುಗಡೆ ಮಾಡಿದ್ದು ಒಂದೇ. ಅದಕ್ಕೇ ಅದು ಸುದ್ದಿಯಾಯಿತು. ಕೊಡಗಿನಲ್ಲಿ ರಾಜ್ಯ ಮಟ್ಟದ ಪತ್ರಿಕೆ ತರಿಸದ ಮನೆ ಇರಬಹುದು, ಮಡಿಕೇರಿಯಿಂದ ಬರುವ 'ಶಕ್ತಿ'ಯಂಥ ಸ್ಥಳೀಯ ಪತ್ರಿಕೆ ನೋಡದ ಮನೆ ಕಡಿಮೆ. ಯಾರ ಮನೆ ಮದುವೆ, ಯಾರು ತೀರಿಕೊಂಡರು, ಎಲ್ಲಿ ಮರ ಬಿತ್ತು, ಎಲ್ಲ ಅದರಲ್ಲೇ ಗೊತ್ತಾಗಬೇಕು. ಆ ಸಾಲಿನಲ್ಲಿ ನಮ್ಮ ಪುಸ್ತಕವೂ ಇದ್ದರೆ ಒಳ್ಳೆಯದೇ ಅಲ್ವಾ?

ಆಮೇಲೆ ವಾಟ್ಸ್ಆಪ್. ಇದಕ್ಕೆ ಖರ್ಚಿಲ್ಲ ಅಂತ ಎಲ್ಲರೂ ಮೊದಲು ಇದಕ್ಕೇ ಕೈ ಹಾಕುತ್ತಾರೆ. ಕೈ ಹಾಕುವ ರೀತಿ ಮಾತ್ರ ಒಂದೇ. ಮುಖಪುಟದ ಫೋಟೋ, ಕೆಳಗೆ "ಕೊಂಡು ಓದಿ, ಪ್ರೋತ್ಸಾಹಿಸಿ". ಇದ್ದಬದ್ದ ಗ್ರೂಪಿಗೆಲ್ಲ ಹಾಕುವುದು. ಹತ್ತಾರು ಹೆಬ್ಬೆರಳು ಬರುತ್ತವೆ, ಕೈಮುಗಿದ ಚಿತ್ರ ಬರುತ್ತದೆ, ಹೂಗುಚ್ಛ ಬರುತ್ತದೆ. ದುಡ್ಡು ಬರುವುದಿಲ್ಲ. ಪ್ರೋತ್ಸಾಹಿಸಿ ಅಂದರೆ ಜನ ಪ್ರೋತ್ಸಾಹಿಸಿಯೇ ಬಿಡುತ್ತಾರೆ, ಬೆರಳಲ್ಲಿ.

ನಾನು ಗ್ರೂಪಿನ ಬದಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೊಂಡೆ. ಒಂದು ಲಿಸ್ಟಿಗೆ 256 ಜನರವರೆಗೆ ಸೇರಿಸಬಹುದು. ಪ್ರತಿಯೊಬ್ಬರಿಗೂ ನಾವೇ ಬೇರೆಯಾಗಿ ಕಳಿಸಿದ ಹಾಗೆ ಹೋಗುತ್ತದೆ. ಆದರೆ ಅವರ ಫೋನಿನಲ್ಲಿ ನಮ್ಮ ನಂಬರ್ ಸೇವ್ ಆಗಿರಬೇಕು, ಇಲ್ಲದಿದ್ದರೆ ತಲುಪುವುದಿಲ್ಲ. ತೋಟದ ರೈಟರ್ ನಂಬರ್ ಸುತ್ತಮುತ್ತ ಎಲ್ಲರ ಹತ್ತಿರವೂ ಇರುತ್ತದೆ. ಲಾರಿಯವರು, ಗೊಬ್ಬರದ ಅಂಗಡಿಯವರು, ಮೇಸ್ತ್ರಿಗಳು, ಪಕ್ಕದ ತೋಟದವರು, ಕೆಲಸ ಬಿಟ್ಟು ಊರಿಗೆ ಹೋದವರು, ಬೆಂಗಳೂರು ಸೇರಿದ ಅವರ ಮಕ್ಕಳು. ಮೇಷ್ಟ್ರಾದರೆ ಹಳೆಯ ವಿದ್ಯಾರ್ಥಿಗಳು, ಟೈಲರ್ ಆದರೆ ಗಿರಾಕಿಗಳು. ಬರೆಯುವವನ ಮೊದಲ ಓದುಗರು ಅವನ ಹೊಟ್ಟೆಪಾಡಿನ ಕೆಲಸದಿಂದಲೇ ಬರುತ್ತಾರೆ ಅಂತ ನನಗೆ ಅನ್ನಿಸುತ್ತದೆ.

ಅವರಿಗೆ ಪುಸ್ತಕ ಬಂದಿದೆ ಅಂತ ಬರೆಯಲಿಲ್ಲ. ಒಂದು ಕಥೆಯ ಶುರುವಿನ ಸಾಲು ಕಳಿಸಿದೆ:

"ಲಾರಿ ಬಂದಾಗ ಬೆಳಗಿನ ಜಾವ ನಾಲ್ಕು ಗಂಟೆ. ಹತ್ತಿದವರು ಎಂಟು ಜನ ಎಂದು ಡ್ರೈವರ್ ಆಣೆ ಹಾಕುತ್ತಾನೆ. ಇಳಿದವರು ಏಳು."

ಅದರ ಕೆಳಗೆ ಒಂದೇ ಸಾಲು, "ಮುಂದಿನದು 41ನೇ ಪುಟದಲ್ಲಿ." ಅಷ್ಟೇ. ಬೆಲೆ ಕೂಡ ಹಾಕಲಿಲ್ಲ. ಅರ್ಧ ಗಂಟೆಯಲ್ಲಿ ಗೊಬ್ಬರದ ಅಂಗಡಿಯವರ ಮೆಸೇಜ್ ಬಂತು, "ಎಂಟನೆಯವನು ಎಲ್ಲಿ ಹೋದ ರೈಟ್ರೇ?" "41ನೇ ಪುಟದಲ್ಲಿ ಇದ್ದಾನೆ, ಕಳಿಸಲಾ?" ಅಂದೆ. "ಕಳಿಸಿ, ಗೊಬ್ಬರದ ಬಿಲ್ಲಿಗೆ ಸೇರಿಸಿ" ಅಂದರು. ಸೇರಿಸುವ ಹಾಗಿಲ್ಲ ಅಂತ ಹೇಳಿ ಯುಪಿಐ ಮಾಡಿಸಿಕೊಂಡೆ. ಆ ಮೂರು ಸಾಲು ಯಾರ್‍ಯಾರಿಗೋ ಫಾರ್ವರ್ಡ್ ಆಗಿ ಎಂಟನೆಯವನನ್ನು ಹುಡುಕುವವರು ಗೊತ್ತಿಲ್ಲದ ನಂಬರಿನಿಂದಲೂ ಬರತೊಡಗಿದರು. ಹಾಗಾಗಿ ಪ್ರತಿ ಸಾರಿಯೂ ಕೊನೆಯಲ್ಲಿ ನನ್ನ ಹೆಸರು, ನಂಬರ್ ಇರುವ ಹಾಗೆ ನೋಡಿಕೊಂಡೆ. ಹೆಸರಿಲ್ಲದೆ ಹೋದ ಒಳ್ಳೆಯ ಸಾಲು ವಾಟ್ಸ್ಆಪ್‌ನಲ್ಲಿ ಒಂದೇ ದಿನದಲ್ಲಿ ಅನಾಥ. ಆಮೇಲೆ ಅದು ಯಾವುದೋ ಮಹಾತ್ಮರ ಹೆಸರಿನಲ್ಲಿ ನಮಗೇ ವಾಪಸ್ ಬರುತ್ತದೆ.

ವಾರಕ್ಕೆ ಒಂದಕ್ಕಿಂತ ಜಾಸ್ತಿ ಕಳಿಸಬಾರದು ಅಂತ ಇಟ್ಟುಕೊಂಡೆ. ಭಾನುವಾರ ಸಂಜೆ ಕಳಿಸಿದರೆ ಓದುತ್ತಾರೆ. ಸೋಮವಾರ ಬೆಳಿಗ್ಗೆ ಕಳಿಸಿದರೆ ಗುಡ್ ಮಾರ್ನಿಂಗ್‌ಗಳ ಕೆಳಗೆ ಹೂತುಹೋಗುತ್ತದೆ. ವಾಟ್ಸ್ಆಪ್ ಬಿಸಿನೆಸ್ ಅಂತ ಇನ್ನೊಂದು ಆಪ್ ಇದೆ, ಅದೂ ಪುಕ್ಕಟೆ. ಅದರಲ್ಲಿ ತಾನಾಗಿ ಉತ್ತರ ಹೋಗುವ ಹಾಗೆ ಮಾಡಿಡಬಹುದು. ನಾನು ಕೆಲಸದಲ್ಲಿದ್ದು ಫೋನ್ ನೋಡಲಾಗದಿರುವಾಗ ಯಾರಾದರೂ ಕೇಳಿದರೆ, ಬೆಲೆ ಎಷ್ಟು, ಯುಪಿಐ ನಂಬರ್ ಯಾವುದು, ವಿಳಾಸದಲ್ಲಿ ಪಿನ್‌ಕೋಡ್ ಹಾಕಿ ಅನ್ನುವ ಉತ್ತರ ನಾನಿಲ್ಲದೆಯೇ ಹೋಗುತ್ತಿತ್ತು. ಕೇಳಿದ ಬಿಸಿಯಲ್ಲಿ ಉತ್ತರ ಸಿಗದಿದ್ದರೆ ಪುಸ್ತಕ ಕೊಳ್ಳುವ ಮನಸ್ಸು ಎರಡು ಗಂಟೆಯಲ್ಲಿ ಆರಿಹೋಗುತ್ತದೆ.

ಓದಲು ಬಾರದವರಿಗೆ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಕನ್ನಡ ನಿಧಾನವಾದವರಿಗೆ ಧ್ವನಿ ಕಳಿಸಿದೆ. ಎರಡು ನಿಮಿಷ, ಕಥೆಯ ಒಂದು ತುಣುಕು. ಹಿಂದೆ ಶೀಟಿನ ಮೇಲೆ ಮಳೆ ಬೀಳುವ ಸದ್ದು ಸೇರಿಕೊಂಡಿತ್ತು, ತೆಗೆಯಲಿಲ್ಲ. ದೂರದ ಊರಿನಲ್ಲಿರುವ ನಮ್ಮ ಕಡೆಯವರು ಕಥೆಗಿಂತ ಆ ಮಳೆಗೇ ಮರುಳಾದರು. ಸೈನ್ಯದಲ್ಲಿರುವ ಹುಡುಗನೊಬ್ಬ, "ಇನ್ನೊಂದು ಸ್ವಲ್ಪ ಜೋರು ಮಳೆಯದ್ದು ಇದ್ದರೆ ಕಳಿಸಿ ಅಣ್ಣ" ಅಂತ ಬರೆದ. ಪುಸ್ತಕ ಅವನಮ್ಮ ಕೊಂಡರು.

ಫೇಸ್‌ಬುಕ್‌ನಲ್ಲಿ 500 ರೂಪಾಯಿ ಹಾಕಿ ಬೂಸ್ಟ್ ಮಾಡಿಯೂ ನೋಡಿದೆ. ಲೈಕ್ ಬಂತು. ಕಥೆ ಬರೆಯುವ, ಓದುವ ಆಪ್ ಪ್ರತಿಲಿಪಿಯಲ್ಲಿ ಒಂದು ಕಥೆ ಪುಕ್ಕಟೆ ಹಾಕಿದೆ. ಅಲ್ಲಿ ಓದುವವರು ತುಂಬ ಇದ್ದಾರೆ, ಬರೆಯುವ ಕೈಗೆ ಅದು ಒಳ್ಳೆಯದು. ಆದರೆ ಅಲ್ಲಿಯ ಓದುಗರಿಗೆ ಮುಂದಿನ ಕಂತು ಬೇಕು, ಅಚ್ಚಾದ ಪುಸ್ತಕ ಅಲ್ಲ. ಕಾದಂಬರಿ ಬರೆಯುವವರಿಗೆ ಅದು ಹೆಚ್ಚು ಉಪಯೋಗ ಆದೀತು.

ಇನ್ನು ಅಂಚೆ. ಪುಸ್ತಕದ ಬೆಲೆ 150, ಕೊರಿಯರ್‌ಗೆ ಅರ್ಧ ಹೋದರೆ ಉಳಿಯುವುದೇನು? ಅಂಚೆ ಇಲಾಖೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಶುರುಮಾಡಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಟ್ರ್ಯಾಕಿಂಗ್ ನಂಬರ್ ಸಿಗುತ್ತದೆ. ರಸ್ತೆ, ರೈಲಿನ ಮೇಲೆ ಹೋಗುತ್ತದೆ, ಹಾಗಾಗಿ ಸ್ವಲ್ಪ ನಿಧಾನ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ಜಾಹೀರಾತು ತುಂಬಿದ್ದು, ಬರೀ ವ್ಯಾಪಾರಕ್ಕೆ ಅಂತ ಅಚ್ಚಾದದ್ದು ನಡೆಯುವುದಿಲ್ಲ. ನಮ್ಮ ಪೋಸ್ಟ್ ಮೇಡಂ ಮೊದಲ ಸಲ ಪುಸ್ತಕ ಬಿಡಿಸಿ ಒಳಪುಟದಲ್ಲಿ ಅಚ್ಚುಮನೆಯ ಹೆಸರು ಬೆರಳಿಟ್ಟು ಓದಿ ನೋಡಿಯೇ ತೂಕಕ್ಕೆ ಇಟ್ಟರು. ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡುವವರು ಆ ಪುಟವನ್ನು ಖಾಲಿ ಬಿಡುವುದನ್ನು ನೋಡಿದ್ದೇನೆ. ಬಿಡಬೇಡಿ. ಹಾಗೆಯೇ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲ್‌ನಲ್ಲಿ ಲೇಖಕರೇ ಅರ್ಜಿ ಹಾಕಬಹುದು, ಅದಕ್ಕೆ ಶುಲ್ಕ ಇಲ್ಲ. ಮಾಡಿಸಿಕೊಡುತ್ತೇವೆ ಅಂತ ಒಬ್ಬರು ನನ್ನ ಹತ್ತಿರ ಎರಡು ಸಾವಿರ ಕೇಳಿದ್ದರು.

ಈಗ ಹೋಮ್‌ಸ್ಟೇ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಇದೇ. ಕೊಡಗಿಗೆ ಶನಿವಾರ ಬರುವ ಗಾಡಿಗಳಲ್ಲಿ ಬೆಂಗಳೂರು, ಮೈಸೂರಿನವರೇ ಜಾಸ್ತಿ. ಅದರಲ್ಲಿ ಕನ್ನಡ ಓದುವವರು ಖಂಡಿತ ಇರುತ್ತಾರೆ. ಅಬ್ಬಿ ಜಲಪಾತ, ರಾಜಾಸೀಟು, ದುಬಾರೆ ನೋಡಿ ಬಂದ ಮೇಲೆ ಸಂಜೆ ಅವರಿಗೆ ಕೆಲಸ ಇಲ್ಲ. ಮಳೆ ಬಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಾಲಿನಲ್ಲಿ ಒಂದು ಪುಸ್ತಕ ಬಿದ್ದಿದ್ದರೆ ಕೈ ಹೋಗದೇ ಇರುತ್ತದಾ?

ನಮ್ಮ ಪಕ್ಕದ ತೋಟದ ಅಕ್ಕನ ಹೋಮ್‌ಸ್ಟೇಯಲ್ಲಿ ಮೊದಲು ಇಟ್ಟೆ. ಅವರ ಹಾಲಿನಲ್ಲಿ ಆಗಲೇ ಪುಸ್ತಕಗಳಿದ್ದವು, ಎಲ್ಲ ಇಂಗ್ಲಿಷ್, ಹಿಂದಿನ ಅತಿಥಿಗಳು ಬಿಟ್ಟುಹೋದವು. "ಕನ್ನಡದ್ದು ಯಾರು ಓದ್ತಾರೆ ರೈಟ್ರೇ" ಅಂದರು. "ಓದದಿದ್ದರೆ ನಷ್ಟ ನನ್ನದು, ಜಾಗ ಮಾತ್ರ ನಿಮ್ಮದು" ಅಂದೆ. ಪುಸ್ತಕದ ಒಳಗೆ ದಪ್ಪ ಕಾಗದದ ಒಂದು ಚೀಟಿ ಇಟ್ಟಿದ್ದೆ. ಅದರಲ್ಲಿ ಬರೆದದ್ದು ಇಷ್ಟು: "ಈ ಪ್ರತಿ ಈ ಮನೆಯದು, ದಯವಿಟ್ಟು ಇಲ್ಲೇ ಬಿಡಿ. ಕಥೆ ಅರ್ಧಕ್ಕೆ ನಿಂತಿದ್ದರೆ ಹೊಸ ಪ್ರತಿ ಮನೆಯವರ ಹತ್ತಿರ ಇದೆ." ಕೆಳಗೆ ಬೆಲೆ, ಕ್ಯೂಆರ್ ಕೋಡ್. ಕೌಂಟರಿನ ಹತ್ತಿರ, ಅವರ ಜೇನುತುಪ್ಪ, ಕಾಳುಮೆಣಸಿನ ಪಕ್ಕದಲ್ಲಿ ಐದು ಹೊಸ ಪ್ರತಿ.

ಗುಟ್ಟು ಇರುವುದು ಚೆಕ್‌ಔಟ್‌ನಲ್ಲಿ. ಶನಿವಾರ ರಾತ್ರಿ ಓದಲು ಶುರುಮಾಡಿದವರು ಭಾನುವಾರ ಹನ್ನೊಂದು ಗಂಟೆಗೆ ರೂಮ್ ಬಿಡಬೇಕು. ಅಷ್ಟರಲ್ಲಿ ಎಲ್ಲ ಕಥೆ ಮುಗಿಯುವುದಿಲ್ಲ. ಅಕ್ಕನಿಗೆ ಒಂದು ಪ್ರತಿಗೆ 40 ರೂಪಾಯಿ ಅಂತ ಮಾತಾಗಿತ್ತು, ಅವರು ತೆಗೆದುಕೊಳ್ಳಲಿಲ್ಲ. "ನಮ್ಮ ಗೆಸ್ಟ್ ಇನ್ನೊಂದು ಸಲ ಬಂದರೆ ಸಾಕು" ಅಂದರು. ಒಬ್ಬರು ಹಾಲಿನಲ್ಲಿದ್ದ ಪ್ರತಿಯನ್ನೇ ಬ್ಯಾಗಿಗೆ ಹಾಕಿಕೊಂಡು ಹೋದರಂತೆ, ಚೀಟಿ ಸಮೇತ. ಅಕ್ಕ ಬೇಜಾರು ಮಾಡಿಕೊಂಡರು. ನನಗೆ ಒಳಗೊಳಗೇ ಖುಷಿ. ಆಮೇಲೆ ಆ ದಾರಿಯ ಬೇರೆ ಹೋಮ್‌ಸ್ಟೇಗಳಿಗೂ ಅಕ್ಕನೇ ಫೋನ್ ಮಾಡಿ ಹೇಳಿದರು. ರೈಟರ್ ಹೋಗಿ ಕೇಳುವುದಕ್ಕೂ ಇನ್ನೊಬ್ಬ ಹೋಮ್‌ಸ್ಟೇಯವರು ಹೇಳುವುದಕ್ಕೂ ವ್ಯತ್ಯಾಸ ಇದೆ.

ಮಡಿಕೇರಿಯಲ್ಲಿ ಕಾಫಿಪುಡಿ, ಮಸಾಲೆ, ಹೋಮ್‌ಮೇಡ್ ಚಾಕಲೇಟ್ ಮಾರುವ ಅಂಗಡಿಗಳು ಸಾಲಾಗಿವೆ. ಪರಿಚಯದ ಒಬ್ಬರು ಕೌಂಟರಿನಲ್ಲಿ ಜಾಗ ಕೊಟ್ಟರು. "ಚಾಕಲೇಟ್ ಥರ ಕರಗಲ್ಲ, ಎಕ್ಸ್‌ಪೈರಿ ಡೇಟೂ ಇಲ್ಲ, ಇರಲಿ ಬಿಡಿ" ಅಂದರು. ಕಾಲು ಕಿಲೋ ಕಾಫಿಪುಡಿಯ ಜೊತೆ ಪುಸ್ತಕ ಸೇರಿಸಿ ಒಂದು ಪೊಟ್ಟಣ ಮಾಡಿದ್ದು ಅವರದೇ ಉಪಾಯ. ಕೊಡಗಿನಿಂದ ಏನಾದರೂ ತೆಗೆದುಕೊಂಡು ಹೋಗಿ ಕೊಡಬೇಕು ಅನ್ನುವವರು ಅದನ್ನು ಎತ್ತಿಕೊಳ್ಳುತ್ತಿದ್ದರು.

ಪುಸ್ತಕದ ಅಂಗಡಿಯ ಅನುಭವ ಇಷ್ಟು ಸಿಹಿ ಇಲ್ಲ. ಮಾರಾಟವಾದರೆ ದುಡ್ಡು, ಇಲ್ಲದಿದ್ದರೆ ಪುಸ್ತಕ ವಾಪಸ್ ಅನ್ನುವ ಮಾತಿನ ಮೇಲೆ ಇಡುತ್ತಾರೆ. ನೂರಕ್ಕೆ 35, 40 ಕಮಿಷನ್ ಕೇಳುತ್ತಾರೆ. ಬಾಡಿಗೆ, ಕರೆಂಟು ಎಲ್ಲ ಅವರದೇ, ಹಾಗಾಗಿ ಅದು ತಪ್ಪಲ್ಲ. ಆದರೆ ಒಂದು ಕಡೆ ಪುಸ್ತಕ ಖಾಲಿಯಾಗಿ ತಿಂಗಳುಗಟ್ಟಲೆ ಆದರೂ ಲೆಕ್ಕ ಸಿಗಲಿಲ್ಲ. ಕೊನೆಗೆ ಮೂರು ಪ್ರತಿಯ ದುಡ್ಡು ಬಂತು, ಉಳಿದದ್ದು ಮಾತಿನಲ್ಲೇ ಇದೆ. ಚಲನ್‌ಗೆ ಸಹಿ ಹಾಕಿಸಿಕೊಂಡಿದ್ದೆ, ಆದ್ದರಿಂದ ಕೇಳುವ ಬಾಯಿ ಇದೆ. ಐದೈದು ಪ್ರತಿಗಿಂತ ಜಾಸ್ತಿ ಯಾರಿಗೂ ಕೊಡಲಿಲ್ಲ.

ಜುಲೈ, ಆಗಸ್ಟ್ ಬಂತು ಅಂದರೆ ನಮ್ಮಲ್ಲಿ ಕೆಸರುಗದ್ದೆ ಕ್ರೀಡಾಕೂಟದ ಕಾಲ. ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ, ವಾಲಿಬಾಲ್. ಊರೆಲ್ಲ ಅಲ್ಲೇ ಇರುತ್ತದೆ. ಬಹುಮಾನ ಅಂತ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಬಕೆಟ್ ಕೊಡುತ್ತಾರೆ. ಯುವಕ ಸಂಘದ ಅಧ್ಯಕ್ಷನ ಹತ್ತಿರ ಪುಸ್ತಕ ಕೊಡುವ ವಿಷಯ ಎತ್ತಿದೆ.

"ಹಗ್ಗಜಗ್ಗಾಟ ಗೆದ್ದವರಿಗೆ ಪುಸ್ತಕ ಕೊಟ್ಟರೆ ನನ್ನನ್ನೇ ಕೆಸರಿಗೆ ಹಾಕ್ತಾರೆ ಅಣ್ಣ" ಅಂದ.

"ಗೆದ್ದವರಿಗೆ ಬೇಡ ಮಾರಾಯ. ಅತಿಥಿಗಳಿಗೆ ಶಾಲು ಹಾಕ್ತೀರಲ್ಲ, ಒಂದು ಶಾಲಿಗೆ ಎಷ್ಟು?"

"ಇನ್ನೂರು, ಇನ್ನೂರೈವತ್ತು."

"ಪುಸ್ತಕ ನೂರಕ್ಕೆ ಕೊಡ್ತೇನೆ. ಮಳೆಯಲ್ಲಿ ಶಾಲು ಒದ್ದೆಯಾಗ್ತದೆ. ಇದು ಪ್ಲಾಸ್ಟಿಕ್ ಕವರಿನಲ್ಲಿ ಬರ್ತದೆ."

ಲೆಕ್ಕ ಅವನಿಗೆ ಹಿಡಿಸಿತು. ಅತಿಥಿಗಳಿಗೆ, ತೀರ್ಪುಗಾರರಿಗೆ, ಮಕ್ಕಳ ಓಟಕ್ಕೆ ಅಂತ ಹತ್ತಿಪ್ಪತ್ತು ಪ್ರತಿ ಹೋಯಿತು. ದುಡ್ಡು ಅಷ್ಟೇ ಆದರೆ ಅದು ದೊಡ್ಡದಲ್ಲ. ದೊಡ್ಡದು ಮೈಕ್. ಕೆಸರುಗದ್ದೆಯ ಮೈಕ್ ಹಿಡಿದವನು ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಿ ಮುಚ್ಚುವ ಹಾಗಿಲ್ಲ. ಹೇಳಲು ಏನಾದರೂ ಬೇಕು. "ಮುಂದಿನ ಓಟಕ್ಕೆ ಬಹುಮಾನ ನಮ್ಮೂರಿನ ರೈಟ್ರು ಬರೆದ ಪುಸ್ತಕ, ಯಾರು ಬೀಳ್ತಾರೋ ಅವರ ಕಥೆ ಮುಂದಿನ ಪುಸ್ತಕದಲ್ಲಿ" ಅಂತ ಅವನೇ ಕಟ್ಟಿಕೊಂಡು ಹೇಳಿದ. ಅವತ್ತು ನನ್ನ ಹೆಸರು ಗದ್ದೆಯ ಆಚೆ ಗುಡ್ಡದ ಮನೆಗಳಿಗೂ ಕೇಳಿತು. ಯಾವ ಜಾಹೀರಾತಿಗೂ ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಸ್ಪರ್ಧೆಗಳ ಬಹುಮಾನಕ್ಕೆ ಎರಡು ಶಾಲೆಯವರು ತಾವಾಗಿ ಕೇಳಿದರು. ಅವರಲ್ಲಿ ಒಬ್ಬ ಮೇಷ್ಟ್ರು ಅಲ್ಲೇ ಕೆಸರಿನಲ್ಲಿ ತೀರ್ಪುಗಾರರಾಗಿದ್ದವರು.

ಸಂಕಲನದಲ್ಲಿ 2018ರ ಆಗಸ್ಟ್ ಮಳೆಯ ಒಂದು ಕಥೆ ಇದೆ. ಗುಡ್ಡ ಕುಸಿದು ಮನೆ ಹೋದವರ ಮೇಲೆ ಬರೆದದ್ದು. ಆಗಸ್ಟ್ ಬಂದಾಗ ಪತ್ರಿಕೆಗಳು ಆ ದಿನಗಳ ಬಗ್ಗೆ ಬರಹ ಕೇಳುತ್ತವೆ, ಈಗ ಕಳಿಸು ಅಂತ ಗೆಳೆಯರು ಹೇಳಿದರು. ಅವರು ಹೇಳಿದ್ದು ಸರಿ. ಯಾವ ಕಥೆ ಯಾವ ತಿಂಗಳಿಗೆ ಹೊಂದುತ್ತದೆ ಅಂತ ನೋಡಿ ಕಳಿಸಿದರೆ ಪ್ರಕಟವಾಗುವ ಸಾಧ್ಯತೆ ಜಾಸ್ತಿ. ಹುತ್ತರಿ, ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣದಂಥ ನಮ್ಮ ಹಬ್ಬಗಳು, ಕಾಫಿ ಹೂವು, ಎಲ್ಲದಕ್ಕೂ ಇದು ನಡೆಯುತ್ತದೆ. ಆದರೆ ಆ ಕಥೆಯ ಜೊತೆ ಪುಸ್ತಕದ ಬೆಲೆ, ಫೋನ್ ನಂಬರ್ ಹಾಕಲು ನನಗೆ ಮನಸ್ಸಾಗಲಿಲ್ಲ. ಸುಮ್ನೆ ಕಥೆ ಕಳಿಸಿದೆ. ಅದನ್ನು ಓದಿ ಫೋನ್ ಮಾಡಿದವರು ಪುಸ್ತಕ ಕೇಳಲಿಲ್ಲ, ತಮ್ಮ ಕಥೆ ಹೇಳಿದರು. ಕೇಳಿಸಿಕೊಂಡೆ.

ಆಕಾಶವಾಣಿ ಮಡಿಕೇರಿ, 103.1 ಎಫ್‌ಎಂ. ಪುಸ್ತಕದ ಒಂದು ಪ್ರತಿ, ಜೊತೆಗೊಂದು ಪತ್ರ ಕೊಟ್ಟು ಬಂದಿದ್ದೆ. ಕಥೆ ಓದಲು ಕರೆದರು. ಅಲ್ಲಿ ಬೆಲೆ, ನಂಬರ್ ಹೇಳುವ ಹಾಗಿಲ್ಲ. ಹೇಳಬೇಕಾಗಿಯೂ ಇಲ್ಲ. ತೋಟದಲ್ಲಿ ಕೆಲಸ ಮಾಡುವಾಗ ಮೊಬೈಲಿನಲ್ಲಿ ರೇಡಿಯೋ ಹಾಕಿಕೊಳ್ಳುವವರು ಇವತ್ತಿಗೂ ಇದ್ದಾರೆ. ಪ್ರಸಾರವಾಗುವ ದಿನ, ಸಮಯವನ್ನು ಮೊದಲೇ ಬ್ರಾಡ್‌ಕಾಸ್ಟ್ ಲಿಸ್ಟಿಗೆ ಹಾಕಿದ್ದೆ. ಸಣ್ಣ ಸಂಭಾವನೆಯೂ ಬಂತು. ಹೆಂಡತಿ ಅದನ್ನು ಐದು ಸಾವಿರದ ಲೆಕ್ಕಕ್ಕೆ ಜಮಾ ಮಾಡಿದಳು.

ವಿಮರ್ಶೆಗೆ ಅಂತ ದೊಡ್ಡ ಪತ್ರಿಕೆಗಳಿಗೆ ಎರಡೆರಡು ಪ್ರತಿ ಕಳಿಸಿದೆ. ಹೆಚ್ಚಿನ ಕಡೆ 'ಸಾದರ ಸ್ವೀಕಾರ'ದಲ್ಲಿ ಒಂದು ಸಾಲು. ಅದನ್ನೂ ಕತ್ತರಿಸಿ ಸ್ಟೇಟಸ್ ಹಾಕಿದೆ. ಹೊಸಬರಿಗೆ ಅದರ ಮೇಲೆ ಜಾಸ್ತಿ ಆಸೆ ಬೇಡ, ಹಾಗಂತ ಬಿಡುವುದೂ ಬೇಡ. ಬುಕ್ ಬ್ರಹ್ಮದಂಥ ಪುಸ್ತಕಗಳ ಜಾಲತಾಣಕ್ಕೆ ಪುಸ್ತಕದ ವಿವರ ಹೋಗುವುದು ಇದಕ್ಕಿಂತ ಉಪಯೋಗ. ಯಾರಾದರೂ ಹೆಸರು ಹಾಕಿ ಹುಡುಕಿದರೆ ಏನೋ ಒಂದು ಸಿಗಬೇಕಲ್ಲ.

ಪುಕ್ಕಟೆ ಪ್ರತಿಯ ವಿಷಯದಲ್ಲಿ ನಾನು ಗಟ್ಟಿ. "ನಮಗೊಂದು ಕಾಪಿ ಇಲ್ವಾ?" ಅಂತ ನೆಂಟರು ಕೇಳಿದರೆ, "ಇದೆ, ನೂರೈವತ್ತು" ಅನ್ನುತ್ತೇನೆ. ನಗುತ್ತಾ ಹೇಳಬೇಕು. ಪುಕ್ಕಟೆ ಕೊಟ್ಟದ್ದು ಹತ್ತು ಕೈಗೆ ಹೋಗುವ ಕಡೆಗೆ ಮಾತ್ರ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿಗೆ. ಶಾಲೆಯ ಕನ್ನಡ ಟೀಚರಿಗೆ. ಕ್ಷೌರದ ಅಂಗಡಿಗೆ. ಟೋಕನ್ ತೆಗೆದುಕೊಂಡು ಒಂದು ಗಂಟೆ ಕಾಯಬೇಕಾದ ಒಂದು ಕ್ಲಿನಿಕ್ಕಿಗೆ, ಮೇಲೆ "ಇಲ್ಲೇ ಓದಿ" ಅಂತ ಮಾರ್ಕರಿನಲ್ಲಿ ಬರೆದು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಬೇಕು, ಅದು ಬರುತ್ತದೆ ಅಂತ ನಂಬಿ 500ರ ಬದಲು 1000 ಪ್ರತಿ ಅಚ್ಚು ಹಾಕಿಸಬಾರದು. ಪ್ರಶಸ್ತಿಗಳಿಗೆ ಪುಸ್ತಕ ಕಳಿಸುವುದೂ ಪ್ರಚಾರವೇ, ಪ್ರತಿ ಮತ್ತು ಅಂಚೆ ಬಿಟ್ಟರೆ ಬೇರೆ ಖರ್ಚಿಲ್ಲ. ಜಿಲ್ಲಾ ಕನ್ನಡ ಸಾಹಿತ್ಯ ಪರಿಷತ್ತು ಕೊಡಗಿನ ಲೇಖಕಿಯರಿಗೆ ಅಂತಲೇ ಕೊಡಗಿನ ಗೌರಮ್ಮ ದತ್ತಿ ಪ್ರಶಸ್ತಿ ಕೊಡುತ್ತದೆ. ಸೋಮವಾರಪೇಟೆ ಕಡೆಯ ನನ್ನ ಗೆಳತಿ, ಕವಯಿತ್ರಿ, ಅದಕ್ಕೆ ಕಳಿಸಿದ್ದಾರೆ.

ಗೆಳತಿಯ ಜೊತೆ ಸೇರಿ ಒಂದೇ ಮೇಜು ಹಾಕಿದ್ದು ದಸರಾದಲ್ಲಿ. ಮಡಿಕೇರಿ, ಗೋಣಿಕೊಪ್ಪ ಎರಡೂ ಕಡೆ ದಸರಾಕ್ಕೆ ಬಹುಭಾಷಾ ಕವಿಗೋಷ್ಠಿ ಇರುತ್ತದೆ. ಕನ್ನಡ, ಕೊಡವ, ಅರೆಭಾಷೆ, ತುಳು, ಮಲಯಾಳ, ಎಲ್ಲ ಕವಿಗಳೂ ಒಂದೇ ಕಡೆ. ನಾನು ಕವಿಯಲ್ಲ. ಅವರು ಓದಿ ಇಳಿದು ಬರುವಷ್ಟರಲ್ಲಿ ಹೊರಗೆ ಮೇಜಿನ ಮೇಲೆ ಇಬ್ಬರ ಪುಸ್ತಕ ಜೋಡಿಸಿಟ್ಟಿದ್ದೆ. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ 80ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆದಾಗ ಪುಸ್ತಕ ಮಳಿಗೆಗಳಲ್ಲಿ ನಿಂತು ಜನರನ್ನು ನೋಡಿದ್ದೆ. ಪುಸ್ತಕ ಎತ್ತುತ್ತಾರೆ, ತಿರುಗಿಸಿ ಬೆಲೆ ನೋಡುತ್ತಾರೆ, ನಡುವೆ ಎಲ್ಲೋ ಬಿಡಿಸಿ ನಾಲ್ಕು ಸಾಲು ಓದುತ್ತಾರೆ. ಆ ನಾಲ್ಕು ಸಾಲು ಓದುವಾಗ ಅಂಗಡಿಯವನು ಮಾತಾಡಿಸಿದರೆ ಪುಸ್ತಕ ಕೆಳಗಿಡುತ್ತಾರೆ. ಹಾಗಾಗಿ ನಾನು ಬಾಯಿ ಮುಚ್ಚಿ ನಿಂತೆ. ಬಿಡಿಸಿದರೆ ತಾನಾಗಿ 41ನೇ ಪುಟವೇ ತೆರೆಯುವ ಹಾಗೆ ಮೊದಲೇ ಬೆನ್ನು ಒತ್ತಿ ಇಟ್ಟಿದ್ದೆ.

ಹಾಕಿಗೂ ಹೋಗಿದ್ದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಬೇಸಿಗೆಯಲ್ಲಿ ಜಿಲ್ಲೆಯ ಜನ ಮಾತ್ರ ಅಲ್ಲ, ಹೊರಗಿರುವವರೂ ರಜೆ ಹಾಕಿ ಬರುತ್ತಾರೆ. ಒಂದು ಮ್ಯಾಚಿಗೂ ಇನ್ನೊಂದಕ್ಕೂ ನಡುವೆ ಸ್ಟಾಲುಗಳ ಕಡೆ ಸುತ್ತುತ್ತಾರೆ. ಸ್ವಂತ ಸ್ಟಾಲ್ ನಮ್ಮಂಥವರಿಗೆ ಆಗದ ಮಾತು. ಜೇನುತುಪ್ಪದವರ ಸ್ಟಾಲಿನ ಒಂದು ಮೂಲೆ ಕೇಳಿದೆ, ಮಧ್ಯಾಹ್ನ ಅವರು ಊಟಕ್ಕೆ ಹೋಗುವಾಗ ಸ್ಟಾಲ್ ನೋಡಿಕೊಳ್ಳುವ ಕರಾರಿನ ಮೇಲೆ. ಅವತ್ತು ಪುಸ್ತಕಕ್ಕಿಂತ ಜೇನು ಜಾಸ್ತಿ ಮಾರಿದೆ.

ಐದು ಸಾವಿರದಲ್ಲಿ ಹೆಚ್ಚಿನದು ಹೋದದ್ದು ಅಂಚೆಗೆ, ಚೀಟಿ ಅಚ್ಚು ಹಾಕಿಸುವುದಕ್ಕೆ, ಪೆಟ್ರೋಲಿಗೆ. ಕೊನೆಯಲ್ಲಿ ಸ್ವಲ್ಪ ಉಳಿಯಿತು ಕೂಡ. ಕಟ್ಟು ಬಿಚ್ಚದ ಪ್ರತಿ ಈಗ ಒಂದೇ ಪೆಟ್ಟಿಗೆ ಇದೆ. ಮತ್ತೆ ಅಚ್ಚು ಹಾಕಿಸುವುದಾದರೆ ಡಿಜಿಟಲ್‌ನಲ್ಲಿ ನೂರು ಪ್ರತಿ ಮಾತ್ರ. ಒಂದೊಂದಕ್ಕೆ ಖರ್ಚು ಜಾಸ್ತಿ ಬೀಳುತ್ತದೆ, ಆದರೆ ಮಳೆಗಾಲದಲ್ಲಿ ಮಂಚದ ಕೆಳಗೆ ಪುಸ್ತಕಕ್ಕೆ ಬೂಷ್ಟು ಹಿಡಿಯುವುದಿಲ್ಲ. ಕೊಡಗಿನಲ್ಲಿ ಪುಸ್ತಕ ಇಟ್ಟುಕೊಳ್ಳುವವರಿಗೆ ಇದೂ ಒಂದು ಲೆಕ್ಕ.

ಬರುವ ಏಪ್ರಿಲ್‌ನ ಹಾಕಿಗೆ ಗೆಳತಿಯೂ ಬರುತ್ತೇನೆ ಅಂದಿದ್ದಾರೆ. ಜೇನಿನವರು ಮೂಲೆ ಕೊಡಲು ಒಪ್ಪಿದ್ದಾರೆ, ಈ ಸಲ ಊಟಕ್ಕೆ ಎರಡು ಗಂಟೆ ಬೇಕಂತೆ.